ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯುವವರಿಗೆ

ಆಸ್ಪತ್ರೆ ಕೆಲಸಕ್ಕೆ ಅಮ್ಮನ ಜೊತೆ ತಾಳಗುಪ್ಪ–ಮೈಸೂರು ರಾತ್ರಿ ರೈಲಲ್ಲಿ ಹೋಗಿದ್ದೆ. ನಮ್ಮ ಶಿವಮೊಗ್ಗದಿಂದ ಇದರಲ್ಲಿ ಹೋದ್ರೆ ಬೆಂಗಳೂರಲ್ಲಿ ಇಳಿಯುವಾಗ ಇನ್ನೂ ಕತ್ತಲೆ. ವಯಸ್ಸಾದವರನ್ನು ಪ್ಲಾಟ್‌ಫಾರ್ಮಿನ ಬೆಂಚ್ ಮೇಲೆ ಕೂರಿಸಬೇಡಿ, ದಯವಿಟ್ಟು.

ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ (ಕೂರಲು ಸೀಟು ಖಾತ್ರಿ, ಪೂರ್ತಿ ಬರ್ತ್ ಇನ್ನೂ ಖಾತ್ರಿಯಿಲ್ಲ) ಇದ್ದರೆ ಅದರ ಪಿಎನ್‌ಆರ್ (ಟಿಕೆಟ್ ಮೇಲಿನ ಹತ್ತು ಅಂಕಿಯ ಸಂಖ್ಯೆ) ಹಾಕಿ, ರೈಲು ಟಿಕೆಟ್ ಬುಕ್ ಮಾಡುವ ಐಆರ್‌ಸಿಟಿಸಿಯಲ್ಲಿ ರಿಟೈರಿಂಗ್ ರೂಮ್, ಅಂದರೆ ನಿಲ್ದಾಣದಲ್ಲೇ ಇರುವ ವಿಶ್ರಾಂತಿ ಕೊಠಡಿ, ಬುಕ್ ಮಾಡಬಹುದು. ಒಬ್ಬರೇ ಆದರೆ ಡಾರ್ಮಿಟರಿ ಹಾಸಿಗೆ ಸಾಕು. ರೂಮುಗಳು ಬೇಗ ಭರ್ತಿಯಾಗುತ್ತವೆ, ಹಾಗಾಗಿ ಟಿಕೆಟ್ ಮಾಡಿದ ದಿನವೇ ನೋಡಿ. ಗುರುತಿನ ಚೀಟಿಯ ಅಸಲು ಪ್ರತಿ ಜೊತೆಗಿರಲಿ.

ರೂಮ್ ಸಿಗಲಿಲ್ಲವೇ? ವೇಟಿಂಗ್ ಹಾಲ್ ಇದೆ. ಎಸಿ ವೇಟಿಂಗ್ ರೂಮಿಗೆ ಎಸಿ ಟಿಕೆಟ್ ಕೇಳ್ತಾರೆ, ಮೊಬೈಲಲ್ಲಿ ತೆರೆದಿಟ್ಟುಕೊಳ್ಳಿ. ಕೆಲವು ದೊಡ್ಡ ನಿಲ್ದಾಣಗಳಲ್ಲಿ ಗಂಟೆಗಿಷ್ಟು ಅಂತ ಹಣ ಕೊಟ್ಟು ಕೂರುವ ಲೌಂಜೂ ಇರುತ್ತೆ.

ಲಗೇಜ್ ಕ್ಲೋಕ್ ರೂಮಲ್ಲಿಟ್ಟು ಹೋಗೋದಾದರೆ ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ತಗೊಳ್ಳಲ್ಲ. ಮನೆಯಿಂದಲೇ ಸಣ್ಣದೊಂದು ಬೀಗ ಒಯ್ಯಿರಿ. ಕೊಟ್ಟ ರಸೀದಿಯ ಫೋಟೋ ತೆಗೆದಿಡಿ.

ಮಂಡಿ ನೋವಿನವರಿಗೆ ಗಾಲಿಕುರ್ಚಿ ಬೇಕಿದ್ದರೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿ. ರೈಲಿನೊಳಗೆ ಏನೇ ತೊಂದರೆಯಾದರೂ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.