ಪೈಲ್ವಾನನಿಗೆ ಡೈಲಾಗ್ ಸಿಕ್ಕಿದ್ದು ಹೇಗೆ: ನನ್ನ ಅನುಭವ

ಸದ್ಯ ನನ್ನ ಕೈಯಲ್ಲಿ ಎರಡು ಸೀರಿಯಲ್ ಇವೆ. ಒಂದರಲ್ಲಿ ಹೀರೊಯಿನ್ ಅಪ್ಪ, ಇನ್ನೊಂದರಲ್ಲಿ ಕಲ್ಯಾಣ ಮಂಟಪದ ಅಡುಗೆಯವನು. ಎರಡರಲ್ಲೂ ಯಾರಿಗೂ ಒಂದೇಟು ಹೊಡೆಯುವುದಿಲ್ಲ. ಪೈಲ್ವಾನ್ ಅಂದರೆ ಹೀರೊ ಕೈಯಲ್ಲಿ ಒದೆ ತಿಂದು ಮೇಜು ಮುರಿಯೋಕೆ ಸರಿ, ಮಾತಾಡೋಕಲ್ಲ ಅಂತ ಗಾಂಧಿನಗರದಲ್ಲಿ ನನ್ನೆದುರೇ ಹೇಳಿದವರಿದ್ದಾರೆ. ಅವರೂ ಓದಲಿ.

ಗರಡಿ ಹುಡುಗರು ಆಗಾಗ ಫೋನ್ ಮಾಡಿ 'ಅಣ್ಣಾ, ನಾವೂ ಬರಬಹುದಾ' ಅಂತ ಕೇಳುತ್ತಾರೆ. ಸಾಮು, ಪಟ್ಟು ನಿಮಗೆ ಗೊತ್ತು. ಕಾಲ್‌ಶೀಟ್ (ಶೂಟಿಂಗ್‌ಗೆ ಕೊಡುವ ದಿನ), ಬಾಟಾ (ದಿನದ ಭತ್ಯೆ) ಕೂಡ ಗೊತ್ತಿರುತ್ತದೆ. ಅದು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ಮೈಸೂರಿನವರಿಗೆ ಇದೇನೂ ಹೊಸ ದಾರಿಯಲ್ಲ. ಎಂ.ಪಿ. ಶಂಕರ್ ಕುಸ್ತಿ ಆಡಿಯೇ ಸಿನಿಮಾಕ್ಕೆ ಬಂದವರು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಅವರು ವೀರಬಾಹು. 1973ರಲ್ಲಿ 'ಗಂಧದ ಗುಡಿ' ನಿರ್ಮಿಸಿದವರೂ ಅವರೇ. ವೀರಬಾಹು ಅಂದ ತಕ್ಷಣ ಜನಕ್ಕೆ ನೆನಪಾಗುವುದು ಹೊಡೆದಾಟವಲ್ಲ, ಸ್ಮಶಾನದಲ್ಲಿ ಆ ಆಸಾಮಿ ನಿಲ್ಲುವ ಠೀವಿ. ನಾನು ಇದನ್ನು ಹೇಳಿದಾಗೆಲ್ಲ ಗಾಂಧಿನಗರದವರು 'ಆ ಕಾಲ ಬೇರೆ' ಅನ್ನುತ್ತಿದ್ದರು.

ನಾನು ಶುರು ಮಾಡಿದ್ದು ಫೈಟರ್ ಆಗಿ. ಅಲ್ಲೇ ಮೊದಲ ಏಟು ಬಿತ್ತು. ಸೋಲು-ಗೆಲುವು ತೀರ್ಮಾನವಾಗುವವರೆಗೂ ಆಡುವ ಮಾರ್ಫಿಟ್ ಕುಸ್ತಿ ಆಡಿದ ಮೈಗೆ ಬೆನ್ನು ಮಣ್ಣಿಗೆ ತಾಗಿದರೆ ಕತೆ ಮುಗಿಯಿತು ಅನ್ನುವುದೊಂದೇ ಗೊತ್ತು. ಫೈಟ್ ಮಾಸ್ಟರ್ 'ಅಂಗಾತ ಬೀಳಪ್ಪಾ' ಅನ್ನುತ್ತಾರೆ. ಹೀರೊ ಕೈ ಗೇಣು ದೂರದಲ್ಲಿ ಹಾದು ಹೋಗುತ್ತದೆ. ನಾನು ಬೀಳುತ್ತೇನೆ, ಆದರೆ ನೆಲ ಮುಟ್ಟುವಷ್ಟರಲ್ಲಿ ಸೊಂಟ ತಾನಾಗಿ ತಿರುಗಿ ಬೋರಲಾಗಿರುತ್ತೇನೆ. ಆಗಿನ್ನೂ ಫಿಲಂ ರೋಲ್ ಕಾಲ. ನಾಲ್ಕೈದು ಟೇಕ್ ಹಾಳಾಗಿ ಮಧ್ಯಾಹ್ನಕ್ಕೇ ಅರ್ಧ ಸಂಬಳ ಕೊಟ್ಟು ಕಳಿಸಿದರು. ವಾಪಸ್ ಬಂದು ರಾತ್ರಿ ಹೊತ್ತು ಗರಡಿಯ ಮಣ್ಣಿನ ಅಖಾಡದಲ್ಲಿ, ಅಂದರೆ ಮಟ್ಟಿಯಲ್ಲಿ, ಒಬ್ಬನೇ ಅಂಗಾತ ಬೀಳುವುದನ್ನು ಅಭ್ಯಾಸ ಮಾಡಿದೆ. ಉಸ್ತಾದರು ನೋಡಿ, 'ಇಪ್ಪತ್ತು ವರ್ಷ ಬೀಳದೆ ಇರೋದನ್ನ ಹೇಳಿಕೊಟ್ಟೆ, ಈಗ ಕಾಸಿಗೆ ಬೀಳೋದು ಕಲೀತಿದ್ದೀಯೇನೋ' ಅಂದು ವಾರಗಟ್ಟಲೆ ಮಾತು ಬಿಟ್ಟರು.

ಕಾಸಾದರೂ ಎಷ್ಟು? ಆಗ ದಿನಕ್ಕೆ ಆರೇಳು ನೂರು ಇರಬೇಕು, ಅದರಲ್ಲಿ ಏಜೆಂಟ್ ಕಮಿಷನ್ ಬೇರೆ. ಹಾಲು, ಬಾದಾಮಿ, ತುಪ್ಪ, ಮಟನ್ ಅಂತ ನನ್ನ ಖುರಾಕಿಗೇ ತಿಂಗಳಿಗೆ ಏಳೆಂಟು ಸಾವಿರ ಬೇಕಿತ್ತು. ಜಾತ್ರೆ ಕುಸ್ತಿಯಲ್ಲಿ ಒಳ್ಳೆ ಎದುರಾಳಿ ಜೊತೆ ಜೋಡಿ ಕಟ್ಟಿದರೆ ಒಂದೇ ಸಂಜೆಗೆ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಆದರೆ ಮಂಡಿ ಹೋಗಿತ್ತು, ಜಾತ್ರೆಗೆ ಹಿಂತಿರುಗುವ ಮಾತಿರಲಿಲ್ಲ.

ಮಾತು ಕಲಿಯಬೇಕೆಂದು ಮಂಡ್ಯ ಕಡೆ ಪೌರಾಣಿಕ ನಾಟಕಕ್ಕೆ ಸೇರಿದೆ. ಅಲ್ಲಿ ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತೆಗೆದುಕೊಳ್ಳುವ ಪದ್ಧತಿ ನಿಮಗೆ ಗೊತ್ತೇ ಇದೆ. ಭೀಮನ ಪಾತ್ರಕ್ಕೆ ಎಂಟು ಸಾವಿರದಷ್ಟು ಕೊಟ್ಟೆ. ಮೈಕಟ್ಟು ನೋಡಿ ಮೇಷ್ಟ್ರು ಚೂರು ಕಡಿಮೆ ಮಾಡಿದರು. ಕೊನೆ ಸಾಲಿನವರೆಗೂ ದನಿ ಮುಟ್ಟಿಸುವುದನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಿ ಕಲಿಸಿದರು. ಅದೇ ದನಿ ಹಿಡಿದು ಸೀರಿಯಲ್ ಆಡಿಷನ್‌ಗೆ ಹೋದರೆ ಸೌಂಡ್ ಹುಡುಗ ಹೆಡ್‌ಫೋನ್ ಕಿತ್ತು ಕೆಳಗಿಟ್ಟ. ಎಂಟು ಸಾವಿರ ನೀರಿಗೆ ಹೋಯಿತು ಅನ್ನುವುದಿಲ್ಲ, ಉಸಿರು ಗಟ್ಟಿಯಾಯಿತು.

ಇನ್ನೊಂದು ಪ್ರಯೋಗ ತೂಕದ್ದು. ನೂರಾ ಹತ್ತು ಕೆಜಿಯ ಸುಮಾರಿನಿಂದ ತೊಂಬತ್ತಕ್ಕೆ ಇಳಿಸಿದೆ. ಫೈಟರ್ ಕೆಲಸ ನಿಂತಿತು, ಅಪ್ಪನ ಪಾತ್ರ ಬರಲಿಲ್ಲ. ಆರು ತಿಂಗಳಿಗೂ ಹೆಚ್ಚು ಖಾಲಿ ಕೂತೆ, ಮನೆಯವಳ ಬಳೆ ಗಿರವಿಗೆ ಹೋದವು. ತೂಕ ಇಳಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಈಗ ನೂರರ ಆಸುಪಾಸಿನಲ್ಲಿದ್ದೇನೆ, ಅದೇ ಸರಿ.

ನಿಜವಾದ ತೊಡಕು ಮುಖದ್ದು. ಯಾವ ಪಟ್ಟು ಹಾಕುತ್ತೇವೆ ಅನ್ನುವುದು ಕಣ್ಣಲ್ಲಿ ತಿಳಿಯಬಾರದು, ಅದು ನಮ್ಮ ಪಾಠ. ಡೈರೆಕ್ಟರು ಅದಕ್ಕೇ 'ಏನೂ ಬರ್ತಿಲ್ಲ ಸಾರ್' ಅನ್ನುತ್ತಿದ್ದರು. ಕನ್ನಡಿ ಮುಂದೆ ನಿಂತು ಮುಖ ತಿರುಚಿ ನೋಡಿದೆ, ಹಲ್ಲುನೋವು ಬಂದವನ ಹಾಗೆ ಕಾಣುತ್ತಿತ್ತು. ಆಮೇಲೆ ಮುಖದ ಸಹವಾಸವೇ ಬೇಡ ಅಂದುಕೊಂಡು ಕೈಯಿಂದ ಶುರು ಮಾಡಿದೆ. ಎದುರಾಳಿಯ ಕತ್ತಿನ ಮೇಲೆ ಅಂಗೈ ಇಟ್ಟಾಗ ಅವನು ಎತ್ತ ಎಳೆಯುತ್ತಾನೆ ಅಂತ ಅವನಿಗಿಂತ ಮೊದಲು ನಮಗೆ ಗೊತ್ತಾಗುತ್ತದಲ್ಲ, ಆ ಎಚ್ಚರವನ್ನೇ ಸೀನಿಗೆ ತಂದೆ. ಭಾರ ಯಾವ ಕಾಲಿನ ಮೇಲೆ, ಕೈ ಏನು ಹಿಡಿದಿದೆ, ಇಷ್ಟನ್ನು ಮೊದಲೇ ಗಟ್ಟಿ ಮಾಡಿಕೊಂಡು ಎದುರಿನವರ ಮಾತಿಗೆ ಕಾಯುತ್ತೇನೆ. ಅವರು ಎಳೆದಾಗ ನಾನು ಬಿಡಬೇಕೋ ಬಿಗಿಯಬೇಕೋ ಅನ್ನುವುದು ಕೈಗೇ ತಿಳಿಯುತ್ತದೆ. ಮುಖ ಹಿಂದೆ ಬರುತ್ತದೆ.

ಮಗಳು ಮನೆ ಬಿಟ್ಟು ಹೋಗುತ್ತೇನೆ ಅನ್ನುವ ಸೀನು. ನನ್ನ ಕೈಯಲ್ಲಿ ಕಾಫಿ ಲೋಟ. ಪೈಲ್ವಾನ್ ಕೈಲಿ ಆಗಲ್ಲ ಅಂತ ಅಸೋಸಿಯೇಟ್ ಡೈರೆಕ್ಟರ್ ನನ್ನ ಉದ್ದದ ಡೈಲಾಗನ್ನು ಚಿಕ್ಕಪ್ಪನ ಪಾತ್ರಕ್ಕೆ ಕೊಟ್ಟಾಗಿತ್ತು. ಆ ಹುಡುಗಿ 'ಹೊರಟೆ ಅಪ್ಪಾ' ಅಂದಳು. ಲೋಟ ಹಿಡಿದ ಬೆರಳು ಬಿಗಿಯಾಗಿ ಉಗುರು ಬೆಳ್ಳಗಾದವು, ಆಮೇಲೆ ಸಡಿಲವಾದವು. 'ಛತ್ರಿ ತಗೊಂಡು ಹೋಗು' ಅನ್ನುವ ಒಂದೇ ಮಾತು ನನಗೆ ಉಳಿದಿತ್ತು, ಅದನ್ನು ಮೆಲ್ಲಗೆ ಹೇಳಿದೆ. ಡೈರೆಕ್ಟರು ಚಿಕ್ಕಪ್ಪನ ಡೈಲಾಗ್ ಪೂರ್ತಿ ತೆಗೆಸಿ ನನ್ನ ಕೈಗೆ ಬೇರೆಯಾಗಿ ಕ್ಲೋಸಪ್ ಶಾಟ್ ಇಟ್ಟರು. ಮಾರನೇ ವಾರದಿಂದ ಅಪ್ಪನ ಸೀನು ಜಾಸ್ತಿಯಾಯಿತು.

1972ರ 'ಗಾಡ್‌ಫಾದರ್' ಸಿನಿಮಾದಲ್ಲಿ ಲೂಕಾ ಬ್ರಾಸಿ ಮಾಡಿದ ಲೆನ್ನಿ ಮೊಂಟಾನಾ ಕೂಡ ಕುಸ್ತಿಯವನು. ಬ್ರಾಂಡೊ ಎದುರು ನಾಲಿಗೆ ತೊದಲಿದ್ದನ್ನು ಡೈರೆಕ್ಟರು ಕಿತ್ತು ಬಿಸಾಕದೆ ಪಾತ್ರದ ಅಂಜಿಕೆ ಮಾಡಿ ಇಟ್ಟುಕೊಂಡರು. ಡೈರೆಕ್ಟರು ಜಾಣರಾದರೆ ನಮ್ಮ ಕೊರತೆಯೂ ದುಡಿಯುತ್ತದೆ. ಕುಸ್ತಿಯಲ್ಲಿ ಒಡೆದ ನನ್ನ ಕಿವಿಗಳನ್ನು ಮುಚ್ಚೋಕೆ ಮೊದಲು ವಿಗ್ ಹಾಕುತ್ತಿದ್ದರು. ಈಗ ಅಡುಗೆಯವನ ಪಾತ್ರಕ್ಕೆ ಆ ಕಿವಿಯಿಂದಲೇ ಒಂದು ಹಿಂದಿನ ಕತೆ ಬರೆದಿದ್ದಾರೆ.

ಸೀರಿಯಲ್ ಡೈಲಾಗ್ ಬೆಳಿಗ್ಗೆ ವಾಟ್ಸಾಪಿಗೆ ಬರುತ್ತದೆ. ಒಂದು ಬಸ್ಕಿಗೆ ಒಂದು ಸಾಲು ಹೇಳಿಕೊಳ್ಳಿ, ನಿಲ್ಲುತ್ತದೆ. ಮರೆಯಿಂದ ಸಾಲು ಹೇಳಿಕೊಡುವ ಪ್ರಾಂಪ್ಟಿಂಗ್ ನನಗೆ ಬೇಡವೇ ಬೇಡ. ಗ್ಲಿಸರಿನ್ ಇಲ್ಲದೆ ಕಣ್ಣೀರು ತರುವ ಉಪಾಯವೂ ಒಂದಿದೆ, ಗರಡಿಯದೇ. ಅದನ್ನು ಬರೆಯುವುದಿಲ್ಲ, ಅದರಿಂದಲೇ ನನಗೆ ಕೆಲಸ ಬರುತ್ತಿದೆ.

ಕೊನೆಗೆ ದುಡ್ಡಿನ ಮಾತು. ಈಗ ದಿನಕ್ಕೆ ಆರೇಳು ಸಾವಿರ, ಹತ್ತು ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಹೋಗಿ, ಕೈಗೆ ಬರುವುದು ಮೂರು ತಿಂಗಳ ಮೇಲೆ. ಅರ್ಧಕ್ಕೆ ನಿಂತ ಒಂದು ಸೀರಿಯಲ್ಲಿನ ನಲವತ್ತು ಸಾವಿರ ಬಾಕಿ ಕೇಳಲು ನಾನೇ ಆಫೀಸಿಗೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದಷ್ಟೇ, ವಸೂಲಿಗೆ ರೌಡಿ ಬಂದಿದ್ದಾನೆ ಅಂತ ಪೊಲೀಸರಿಗೆ ಫೋನ್ ಹೋಯಿತು. ಆಮೇಲೆ ಮನೆಯವಳನ್ನು ಕಳಿಸಿದೆ. ಅವಳು ಸಂಜೆವರೆಗೂ ಕೂತು ಅರ್ಧ ತಂದಳು. ಈಗ ಎಲ್ಲ ರೇಟು ಮಾತಾಡುವುದು ಅವಳೇ. ಮುಂದಿನ ತಿಂಗಳು ಒಂದು ಸಿನಿಮಾದಲ್ಲಿ ಮೂಗನ ಪಾತ್ರ ಇದೆ. ಡೈಲಾಗ್ ಇಲ್ಲ ಅಂತ ಮ್ಯಾನೇಜರ್ ಸಾವಿರ ಕಡಿಮೆ ಹೇಳಿದ್ದ. ಮಾತಿಲ್ಲದ್ದು ಇನ್ನೂ ಕಷ್ಟ ಅಂತ ವಾದಿಸಿ ಐನೂರು ಜಾಸ್ತಿ ಮಾಡಿಸಿದ್ದಾಳೆ.