ಜೈಲಿನಿಂದ ಬಂದವರಿಂದ ಬಾಡಿಗೆ ಪಡೆದ ನನ್ನ ಅನುಭವ

ಜೈಲಿನಿಂದ ಬಿಡುಗಡೆಯಾಗಿ ಧಾರವಾಡದ ನಮ್ಮ ಮಠದ ಆಸರೆ ಮನೆಗೆ ಬರುವವರಿಂದ ನಾನು ಬಾಡಿಗೆ ತೆಗೆದುಕೊಳ್ಳುತ್ತೇನೆ. ಇದು ಗೊತ್ತಾದ ಹೊಸದರಲ್ಲಿ ಮಠದ ಭಕ್ತರಲ್ಲಿ ಅರ್ಧ ಜನ ನನ್ನೊಡನೆ ಮಾತು ಬಿಟ್ಟಿದ್ದರು. "ಶಿಕ್ಷೆ ಮುಗಿಸಿ ಬರಿಗೈಯಲ್ಲಿ ಬಂದವನಿಂದ ದುಡ್ಡು ಕೀಳುತ್ತೀಯಾ? ದಾಸೋಹಕ್ಕೂ ಬೆಲೆ ಕಟ್ಟಿದೆಯಾ?" ಎಂದು ಹಿರಿಯರೊಬ್ಬರು ತುಂಬಿದ ಸಭೆಯಲ್ಲೇ ಕೇಳಿದರು. ಬೆಳಗಾವಿ, ವಿಜಯಪುರಗಳಲ್ಲಿ ಇದೇ ಸೇವೆಯಲ್ಲಿರುವ ಗೆಳೆಯರು ಆರು ತಿಂಗಳಲ್ಲಿ ಬೀಗ ಬೀಳುತ್ತದೆ ಎಂದರು. ಈಗ ಆರನೆಯ ವರ್ಷ ನಡೆಯುತ್ತಿದೆ. ಮೂವತ್ತೈದು-ನಲವತ್ತು ಜನ ಇಲ್ಲಿಂದ ಸ್ವಂತ ಕೋಣೆ ಹಿಡಿದು ಹೋಗಿದ್ದಾರೆ. ಮತ್ತೆ ಜೈಲು ಸೇರಿದವರು ನನಗೆ ತಿಳಿದ ಮಟ್ಟಿಗೆ ಮೂವರೋ ನಾಲ್ವರೋ. ಅಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ.

ಮೊದಲ ಎರಡು ವರ್ಷ ಎಲ್ಲ ಕಡೆ ನಡೆಯುವ ರೀತಿಯಲ್ಲೇ ನಡೆಸಿದೆವು. ಮಠದ ಹಿಂಬದಿಯ ಹಳೆಯ ಕಟ್ಟಡ, ಎರಡು ಹೊತ್ತು ಪ್ರಸಾದ, ಬೆಳಿಗ್ಗೆ ಸಂಜೆ ಭಜನೆ, ವಾರಕ್ಕೊಂದು ಪ್ರವಚನ. ಎಲ್ಲವೂ ಉಚಿತ. ಬಂದವರು ಹೆಚ್ಚೆಂದರೆ ಇಪ್ಪತ್ತು ದಿನ ನಿಲ್ಲುತ್ತಿದ್ದರು. ಗಂಟೆ ಬಾರಿಸಿದಾಗ ಏಳುವುದು, ಹಾಜರಿ ಹೇಳುವುದು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು: ಅವರ ಪಾಲಿಗೆ ಇದೂ ಒಂದು ಬ್ಯಾರಕ್ ಆಗಿತ್ತು. ಒಬ್ಬ ಅಡುಗೆ ಮನೆಯ ಎರಡು ಸಿಲಿಂಡರ್ ಮಾರಿಕೊಂಡು ಹೋದ. ಇನ್ನೊಬ್ಬ ಕುಡಿದು ಬಂದು ಪ್ರಸಾದದ ಪಂಕ್ತಿಯಲ್ಲೇ ಜಗಳ ತೆಗೆದ. ಎರಡು ವರ್ಷದಲ್ಲಿ ಮೂರು ಲಕ್ಷಕ್ಕೂ ಮೇಲೆ ಖರ್ಚಾಗಿ, ನೆಲೆ ನಿಂತವನು ಒಬ್ಬನೂ ಇರಲಿಲ್ಲ.

ದಾರಿ ತೋರಿಸಿದವನು ಗದಗದ ಪಕ್ಕದ ಬೆಟಗೇರಿಯ ಒಬ್ಬ ನೇಕಾರ. ಜೈಲಿನಲ್ಲಿ ಮಗ್ಗದ ಮೇಲೆ ಕುಳಿತು ಬಂದವನು, ಮಾತು ಕಡಿಮೆ. ಮೊದಲ ವಾರದ ಕೂಲಿ ಸಿಕ್ಕ ದಿನ ಐದು ಸೇರು ಜೋಳ ತಂದು, ಯಾರಿಗೂ ಹೇಳದೆ ದಾಸೋಹದ ಕಣಜಕ್ಕೆ ಸುರಿದ. ಚೀಲವನ್ನು ಕೊಡವಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಅದುವರೆಗೆ ಪಂಕ್ತಿಯ ತುದಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದವನು ಆ ರಾತ್ರಿ ನಡುವೆ ಬಂದು ಕುಳಿತ. "ಇನ್ನೊಂದು ರೊಟ್ಟಿ ಹಾಕು ತಮ್ಮಾ" ಎಂದು ಬಡಿಸುವವನನ್ನು ಕರೆದ. ದಾಸೋಹ ಕೊಡುವವನಿಗೆ ಸಲ್ಲುವ ವ್ರತ. ಬರೀ ಉಣ್ಣುತ್ತಾ ಇರುವವನಿಗೆ ಅದರ ಪುಣ್ಯವೂ ಇಲ್ಲ, ಮಾನವೂ ಇಲ್ಲ. ಹಾಗಾದರೆ ಇವರನ್ನೇ ದಾಸೋಹಿಗಳನ್ನಾಗಿ ಮಾಡಬೇಕು ಎಂದು ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಹೇಳಿದೆ. ಅಜ್ಜನವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಮಾಡಿ ನೋಡು" ಎಂದರು.

ಮಠದಿಂದ ಹೊರಗೆ, ಹೊಸಯಲ್ಲಾಪುರದ ಕಡೆ ಮನೆ ಹಿಡಿದೆವು. ಮಾಲೀಕರು ಮೊದಲು ಐವತ್ತು ಸಾವಿರ ಡಿಪಾಜಿಟ್ ಎಂದವರು, ಇರುವವರು ಯಾರೆಂದು ತಿಳಿದ ಮೇಲೆ ಒಂದು ಲಕ್ಷ ಎಂದರು. ಬಾಡಿಗೆ ಒಂಬತ್ತು ಸಾವಿರದ ಹತ್ತಿರ. ಓಣಿಯವರನ್ನು ಒಪ್ಪಿಸಲು ಮೂರು ತಿಂಗಳೇ ಹಿಡಿಯಿತು. ಇರಲು ಬಂದವನಿಂದ ಪಡೆಯುವ ಬಾಡಿಗೆಯ ಲೆಕ್ಕ ಹೀಗಿದೆ: ಮೊದಲ ತಿಂಗಳು ಏನೂ ಇಲ್ಲ. ಎರಡನೆಯ ತಿಂಗಳಿಂದ ಒಂದೂವರೆ ಸಾವಿರ. ಅದರಲ್ಲಿ ಆರುನೂರು ದಾಸೋಹಕ್ಕೆ, ಒಂಬೈನೂರು ಅವನದೇ ಖಾತೆಗೆ. ಹೊರಡುವಾಗ ಅದೇ ಅವನ ಕೋಣೆಯ ಮುಂಗಡ. ಒಂಬೈನೂರರ ಸಂಗತಿಯನ್ನು ಅವನಿಗೆ ಯಾವಾಗ, ಯಾರ ಬಾಯಿಂದ ತಿಳಿಸಬೇಕು ಎಂಬುದರಲ್ಲಿ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸೇವೆಯಲ್ಲಿರುವವರು ನಮ್ಮ ಮನೆ ನೋಡಲು ಬಂದರೆ ಹೇಳುತ್ತೇನೆ.

ಖಾತೆ ತೆರೆಯುವುದೇ ದೊಡ್ಡ ಗೋಳು. ಆಧಾರ್ ಇದ್ದರೂ ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾವಾಗಲೋ ಬೇರೆಯವರ ಪಾಲಾಗಿರುತ್ತದೆ, ಒಟಿಪಿ ಅವರಿಗೆ ಹೋಗುತ್ತದೆ. ಬಿಡುಗಡೆಯಾದ ವಾರದಲ್ಲೇ ಬೆರಳಚ್ಚು ಕೊಡಿಸಿ ಹೊಸ ಸಂಖ್ಯೆ ಹಾಕಿಸಿಬಿಡಿ, ಉಳಿದ ಕಾಗದ ಆಮೇಲೆ. ಪೆರೋಲ್ ಕೂಡ ಸಿಗದೆ 2016ರ ನೋಟು ರದ್ದತಿಗೆ ಮುಂಚಿನಿಂದ ಒಳಗಿದ್ದವನೊಬ್ಬ, ಚಹಾದ ಅಂಗಡಿಯಲ್ಲಿ ಎಲ್ಲರೂ ಮೊಬೈಲ್ ತೋರಿಸಿ ದುಡ್ಡು ಕೊಡದೆ ಹೋಗುತ್ತಿದ್ದಾರೆಂದು ಗಾಬರಿಯಾಗಿದ್ದ. ಮಲಗುವ ಕೋಣೆಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ಬೆಳಕು, ಕತ್ತಲಲ್ಲಿ ಇವರಿಗೆ ನಿದ್ದೆ ಬರುವುದಿಲ್ಲ. ಬಾಗಿಲ ಕೀಲಿ ಮೊದಲ ದಿನವೇ ಅವನ ಕೈಗೆ ಕೊಡಿ.

ಗಂಟೆ, ಹಾಜರಿ ತೆಗೆದೆವು. ಪ್ರಾರ್ಥನೆ ಬೆಳಿಗ್ಗೆ ಅರ್ಧ ಗಂಟೆ ಮಾತ್ರ, ಅದನ್ನು ತಪ್ಪಿಸುವಂತಿಲ್ಲ. ಲಿಂಗಪೂಜೆ ಮಾಡುವವರು ಮಾಡುತ್ತಾರೆ. ಅದೇ ಪಡಸಾಲೆಯ ಮೂಲೆಯಲ್ಲಿ ಇಬ್ಬರು ನಮಾಜು ಮಾಡುತ್ತಿದ್ದರು, ಹುಬ್ಬಳ್ಳಿಯ ಒಬ್ಬ ಬೈಬಲ್ ಓದುತ್ತಿದ್ದ. ದೇವರ ಹೆಸರಿಲ್ಲದೆ ಈ ಮನೆ ನಡೆಸಿ ಎಂದು ದೊಡ್ಡ ದಾನಿಯೊಬ್ಬರು ಸೂಚಿಸಿದರು. ಅವರ ಹಣ ಬೇಡವೆಂದೆ. ಆ ಅರ್ಧ ಗಂಟೆ ಇಲ್ಲದಿದ್ದರೆ ಕೊಂದು ಬಂದವನಿಗೆ ತಾನು ಮಾಡಿದ್ದನ್ನು ನೆನೆದು ಅಳಲು ದಿನದಲ್ಲಿ ಬೇರೆ ಜಾಗವೇ ಇಲ್ಲ.

ಇವರಿಗೆ ಸಿಗುವ ಕೆಲಸ ಇಂಥವು: ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಹಮಾಲಿ, ಬೆಟಗೇರಿಯ ಮಗ್ಗ, ಹುಬ್ಬಳ್ಳಿ ಬಳಿಯ ತಾರಿಹಾಳದ ಕಾರ್ಖಾನೆಗಳು. ಬ್ಯಾಡಗಿ ಮೆಣಸಿನಕಾಯಿ ಹಂಗಾಮಿಗೆ ಒಂದು ವರ್ಷ ಆರು ಜನರನ್ನು ಕಳಿಸಿದೆವು. ದಿನಕ್ಕೆ ಏಳುನೂರರ ಮೇಲೆ ಬಂತು. ಆದರೆ ದಿನದ ದುಡ್ಡು ದಿನವೇ ಕೈಗೆ, ಮೇಲೆ ಹಳೆಯ ಸಂಗಾತಿಗಳು. ಮೂವರು ಮರಳಿ ಬರಲಿಲ್ಲ. ವಾರದ ಬಟವಾಡೆ ಇರುವಲ್ಲಿಗೆ ಮಾತ್ರ ಈಗ ಕಳಿಸುತ್ತೇವೆ.

ನಡುವೆ ಕಟಿ ರೊಟ್ಟಿ, ಅಂದರೆ ಗರಿಗರಿಯಾದ ಜೋಳದ ರೊಟ್ಟಿ, ಮಾಡಿ ಮಾರುವ ಪ್ರಯೋಗವೂ ಆಯಿತು. ಜೈಲಿನ ಅಡುಗೆ ಮನೆಯಲ್ಲಿ ಸಾವಿರ ಚಪಾತಿ ಲಟ್ಟಿಸಿದ ಕೈಗಳು, ಜೋಳದ ಹಿಟ್ಟಿನ ಮುಂದೆ ಸೋತವು. ಓಣಿಯ ಅಜ್ಜಿಯೊಬ್ಬರು ಬಂದು ಕುದಿನೀರಿನ ಹದ, ಬಡಿಯುವ ಪೆಟ್ಟು ಕಲಿಸಿದರು. ಬೇಸಿಗೆಯಲ್ಲಿ ನೂರಾರು ಮಾರಿದೆವು. ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗಿ ಏಳೆಂಟು ಸಾವಿರ ನಷ್ಟ. ಅಂಗಡಿ ಮಾರಾಟ ನಿಲ್ಲಿಸಿದರೂ ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಗೆ ಪ್ರತಿ ವರ್ಷ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಹೋಗುತ್ತೇವೆ. ಅಜ್ಜಿ ಈಗಲೂ ಬರುತ್ತಾರೆ, ಓಣಿಯ ಮನಸ್ಸು ತಿರುಗಿದ್ದು ಅವರಿಂದಲೇ.

ಜೈಲಿನಲ್ಲಿ ಹದಿನಾಲ್ಕು ವರ್ಷ ದಾಟಿಸಿ ಸನ್ನಡತೆಯ ಮೇಲೆ ಬಿಡುಗಡೆಯಾಗುವ ಮುದುಕರಿಗೆ ಹಮಾಲಿ ಆಗದು. ಅವರ ಒಂದೂವರೆ ಸಾವಿರ ಕಾಯಕದಲ್ಲಿ ಮುರಿಯುತ್ತೇವೆ: ಒಬ್ಬರು ಹೊಲಿಗೆ, ಒಬ್ಬರು ಕಾಳು ಹಸನು ಮಾಡುವುದು. ಪುಸ್ತಕದಲ್ಲಿ ಜಮಾ ಬರೆದು ಸಹಿ ಹಾಕಿಸುತ್ತೇನೆ. ಸಹಿಯನ್ನು ಮಾತ್ರ ಎಂದೂ ಬಿಡಬೇಡಿ.

ತಿಂಗಳಿಗೆ ಇನ್ನೂ ಆರೇಳು ಸಾವಿರ ಕೊರತೆ ಬೀಳುತ್ತದೆ, ಅದನ್ನು ಮಠ ತುಂಬುತ್ತದೆ. ಗದಗದಲ್ಲಿ ಎರಡನೆಯ ಮನೆ ನೋಡಿದ್ದೇವೆ. ಮುಂಗಡ ಎಂಬತ್ತು ಸಾವಿರ. ಅದರಲ್ಲಿ ಐವತ್ತು ಸಾವಿರದಷ್ಟನ್ನು ಹಿಂದೆ ಇಲ್ಲಿದ್ದವರೇ ಕೂಡಿಸಿ ಕೊಟ್ಟಿದ್ದಾರೆ. ಮನೆ ನೋಡಿಕೊಳ್ಳುವ ಹೊಣೆ ಬೆಟಗೇರಿಯ ಆ ನೇಕಾರನದು.