ಸವಾಲಿನ ಹಣ ಎಲ್ಲಿದೆ ಎಂದು ಕೇಳಿದ ಮೇಲೆ

ನಮ್ಮ ವಿಚಾರವಾದಿ ಸಂಘದ ಕರಪತ್ರದ ಕೊನೆಯಲ್ಲಿ ದಪ್ಪಕ್ಷರದ ಒಂದು ಸಾಲು ಇರುತ್ತಿತ್ತು. ಪರೀಕ್ಷೆಗೆ ಒಪ್ಪಿಕೊಂಡು, ನಿಯಮಗಳಿಗೆ ಒಳಪಟ್ಟು ಪವಾಡ ಮಾಡಿ ತೋರಿಸಿದವರಿಗೆ 5 ಲಕ್ಷ ರೂಪಾಯಿ ಬಹುಮಾನ ಕೊಡಲಾಗುವುದು ಎಂಬುದೇ ಆ ಸಾಲು. ಬ್ಯಾಂಕಿನ ತಪಾಸಣಾ ವಿಭಾಗದಿಂದ ನಿವೃತ್ತನಾದ ಮೇಲೆ ನಾನು ಈ ಸಂಘದ ಸದಸ್ಯನಾದೆ, ನಾಲ್ಕು ವರ್ಷ ಶಾಲೆ ಕಾಲೇಜುಗಳಲ್ಲಿ ಆ ಕರಪತ್ರವನ್ನು ಹಂಚಿದೆ. 2022ರ ಆಗಸ್ಟ್‌ನಲ್ಲಿ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕಾರ್ಯಕ್ರಮ ಮುಗಿಸಿ ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಹುಡುಗಿಯೊಬ್ಬಳು ಕರಪತ್ರ ಹಿಡಿದುಕೊಂಡು ಬಂದು, "ಸಾರ್, ಈ ಐದು ಲಕ್ಷ ಈಗ ಎಲ್ಲಿದೆ?" ಎಂದು ಕೇಳಿದಳು. ಬ್ಯಾಂಕಿನಲ್ಲಿದೆ ಎಂದು ಹೇಳಿಬಿಟ್ಟೆ. ಯಾವ ಬ್ಯಾಂಕಿನಲ್ಲಿ, ಯಾರ ಹೆಸರಿನಲ್ಲಿ ಎಂಬುದು ನನಗೇ ಗೊತ್ತಿಲ್ಲವೆಂದು ಹೊಳೆದದ್ದು ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತ ಮೇಲೆ. ಮೂವತ್ತೊಂದು ವರ್ಷ ಇತರರ ಲೆಕ್ಕ ನೋಡಿ ಸಂಬಳ ಪಡೆದವನು ಆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಈ ಪ್ರಶ್ನೆ ಕೇಳಿರಲಿಲ್ಲ.

ಇಂಥ ಸವಾಲುಗಳಿಗೆ ದೊಡ್ಡ ಪರಂಪರೆಯೇ ಇದೆ. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ 1963ರಲ್ಲಿ ಒಂದು ಲಕ್ಷ ರೂಪಾಯಿಯ ಪಂಥ ಕಟ್ಟಿದರು. ಅವರು 1978ರಲ್ಲಿ ತೀರಿಕೊಂಡ ಮೇಲೆ ಬಿ. ಪ್ರೇಮಾನಂದ್ ಅದನ್ನು ಮುಂದುವರಿಸಿದರು. ಅಮೆರಿಕದ ಜಾದೂಗಾರ ಜೇಮ್ಸ್ ರಾಂಡಿ 1964ರಲ್ಲಿ ತನ್ನ ಕೈಯಿಂದ ಸಾವಿರ ಡಾಲರ್ ಇಡುವುದಾಗಿ ಹೇಳಿ ಆರಂಭಿಸಿದ ಸವಾಲು ಮುಂದೆ ಅವರ ಹೆಸರಿನ ಪ್ರತಿಷ್ಠಾನದ ಮೂಲಕ ಹತ್ತು ಲಕ್ಷ ಡಾಲರಿಗೆ ಏರಿ, 2015ರವರೆಗೂ ನಡೆಯಿತು. ಆ ಹಣ ನಿಜವಾಗಿಯೂ ಇದೆಯೇ ಎಂದು ಅತೀಂದ್ರಿಯ ಶಕ್ತಿಯ ಹಕ್ಕುದಾರರು ಮತ್ತೆ ಮತ್ತೆ ಕೇಳುತ್ತಿದ್ದರು. ಪ್ರತಿಷ್ಠಾನವು ಅದನ್ನು ಪ್ರತ್ಯೇಕ ಖಾತೆಯಲ್ಲಿ ಬಾಂಡ್‌ಗಳ ರೂಪದಲ್ಲಿ ಇರಿಸಿರುವುದಾಗಿ ಹೇಳುತ್ತಿತ್ತು. ಅದಲ್ಲದೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆಗಳು ಪ್ರತಿ ವರ್ಷ ಸಲ್ಲಿಸುವ 990ನೇ ನಮೂನೆಯ ವಿವರಪಟ್ಟಿಯನ್ನು ಯಾರು ಬೇಕಾದರೂ ಓದಬಹುದು. ಮುಖ್ಯ ಪದಾಧಿಕಾರಿಗಳಿಗೆ ಸಂಸ್ಥೆ ಎಷ್ಟು ಸಂಬಳ ಕೊಟ್ಟಿತು ಎಂಬುದೂ ಅದರಲ್ಲಿರುತ್ತದೆ. ನಮ್ಮ ಸಂಘದಲ್ಲಿ ಎದ್ದ ಪ್ರಶ್ನೆ ಹೊಸದೇನೂ ಆಗಿರಲಿಲ್ಲ. ಅದನ್ನು ಬಾಬಾಗಳ ಬದಲು ಒಬ್ಬ ಸದಸ್ಯ ಕೇಳಿದ ಎಂಬುದಷ್ಟೇ ವ್ಯತ್ಯಾಸ.

ಮೊದಲು ನಾನು ಖಜಾಂಚಿಯವರನ್ನು ಬಾಯಿಮಾತಿನಲ್ಲೇ ಕೇಳಿದೆ. ಅವರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಎಲ್ಲರೂ ಮೇಷ್ಟ್ರೇ ಎಂದು ಕರೆಯುವುದು. ಇಪ್ಪತ್ತು ವರ್ಷದಿಂದ ಒಂದು ಪೈಸೆ ಪ್ರಯಾಣ ಭತ್ಯೆ ಪಡೆಯದೆ ದುಡಿದವರು. "ಇದೆಯಲ್ಲ ಸಾರ್, ಎಲ್ಲಾ ಲೆಕ್ಕದಲ್ಲೇ ಇದೆ" ಎಂದರು. ಯಾವ ಲೆಕ್ಕದಲ್ಲಿ ಎಂದು ಕೇಳಿದಾಗ ಹಿಂದಿನ ಸರ್ವಸದಸ್ಯರ ಸಭೆಯಲ್ಲಿ ಹಂಚಿದ ಒಂದೇ ಒಂದು ಹಾಳೆಯನ್ನು ಕೊಟ್ಟರು.

ಆ ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬಹುಪಾಲು ಸಂಘಗಳಲ್ಲಿ ಸದಸ್ಯರು ಕಣ್ಣಾರೆ ಕಾಣುವುದು ಇಷ್ಟನ್ನೇ. ಅದು ಜಮಾ ಖರ್ಚಿನ ಪಟ್ಟಿ: ವರ್ಷದ ಆರಂಭದಲ್ಲಿ ಇದ್ದ ಶಿಲ್ಕು, ವರ್ಷದಲ್ಲಿ ಬಂದದ್ದು, ಹೋದದ್ದು, ಕೊನೆಯಲ್ಲಿ ಉಳಿದ ಶಿಲ್ಕು. ಎರಡು ಬದಿಯ ಮೊತ್ತ ಹೊಂದಿದ ಕೂಡಲೇ ಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿಬಿಡುತ್ತದೆ. ಆದರೆ ಈ ಪಟ್ಟಿ ಆ ಒಂದು ವರ್ಷದಲ್ಲಿ ಹಣ ಓಡಾಡಿದ್ದನ್ನು ಮಾತ್ರ ಹೇಳುತ್ತದೆ. ಸಂಘ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ನಿರ್ದಿಷ್ಟ ಉದ್ದೇಶಕ್ಕೆಂದು ದಾನಿಗಳು ಕೊಟ್ಟ ಇಡುಗಂಟು ಎಷ್ಟು, ಆ ಇಡುಗಂಟಿಗೆ ಎದುರಾಗಿ ಯಾವ ಠೇವಣಿ ಇದೆ ಎಂಬ ಯಾವುದನ್ನೂ ಹೇಳುವುದಿಲ್ಲ. ಅದಕ್ಕೆ ಆಸ್ತಿ ಮತ್ತು ಹೊಣೆಗಳನ್ನು ಎದುರುಬದುರಾಗಿ ತೋರಿಸುವ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಬೇಕು, ಅದರ ಜೊತೆಗಿನ ಅನುಸೂಚಿಗಳು ಬೇಕು. ಆಗ ಕೇಳಬೇಕಾದದ್ದು ಬಹಳ ಸರಳ: ಹೊಣೆಯ ಬದಿಯಲ್ಲಿ ಸವಾಲು ನಿಧಿ ಎಂದು ಬರೆದಿದ್ದರೆ ಆಸ್ತಿಯ ಬದಿಯಲ್ಲಿ ಅದಕ್ಕೆ ಸಮನಾದ ಠೇವಣಿ ಎಲ್ಲಿದೆ? ಠೇವಣಿ ಇಲ್ಲದ ನಿಧಿ ಬರೀ ಹೆಸರು.

ನಾನು ಅಧ್ಯಕ್ಷರಿಗೆ ಪತ್ರ ಬರೆದು, ಹಿಂದಿನ ಐದು ವರ್ಷಗಳ ಅಢಾವೆ ಪತ್ರಿಕೆ ಮತ್ತು ಲೆಕ್ಕಪರಿಶೋಧಕರ ವರದಿ, ಠೇವಣಿ ರಸೀದಿಗಳ ಪ್ರತಿ, ಸವಾಲು ನಿಧಿಗೆ ಸಂಬಂಧಿಸಿದ ನಿರ್ಣಯಗಳಿರುವ ನಡಾವಳಿ ಪುಸ್ತಕದ ಪುಟಗಳು ಮತ್ತು ಬಾಕಿ ಇರುವ ಮುಂಗಡಗಳ ಪಟ್ಟಿಯನ್ನು ನೋಡಲು ಅವಕಾಶ ಕೇಳಿದೆ. ಯಾರ ಮೇಲೂ ಆರೋಪ ಹೊರಿಸದಂತೆ, ವಿಶೇಷಣವೊಂದೂ ಇಲ್ಲದಂತೆ ಅದನ್ನು ಮೂರು ಸಲ ತಿದ್ದಿದೆ. ಮೂರು ವಾರ ಉತ್ತರ ಬರಲಿಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ 13ನೇ ಕಲಮಿನ ಪ್ರಕಾರ ವಾರ್ಷಿಕ ಸಭೆ ನಡೆದ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಅಢಾವೆಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮಂಥ ಖಾಸಗಿ ಸಂಘ ಸರ್ಕಾರದ ಗಣನೀಯ ನೆರವು ಪಡೆಯದಿದ್ದರೆ ಮಾಹಿತಿ ಹಕ್ಕು ಕಾಯ್ದೆಗೆ ನೇರವಾಗಿ ಒಳಪಡುವುದಿಲ್ಲ. ಆದರೆ ನೋಂದಣಾಧಿಕಾರಿಯ ಕಚೇರಿ ಒಳಪಡುತ್ತದೆ, ಅಲ್ಲಿರುವ ಕಡತವೂ ಒಳಪಡುತ್ತದೆ. 10 ರೂಪಾಯಿ ಶುಲ್ಕದೊಂದಿಗೆ, ನಮ್ಮ ರಾಜ್ಯದ ನಿಯಮ ವಿಧಿಸುವ 150 ಪದಗಳ ಮಿತಿಯೊಳಗೆ ಅರ್ಜಿ ಹಾಕಿದೆ. ಪುಟಕ್ಕೆ 2 ರೂಪಾಯಿಯಂತೆ 26 ರೂಪಾಯಿ ಕಟ್ಟಿದ ಮೇಲೆ ಹದಿಮೂರು ಪುಟ ಕೈಗೆ ಬಂತು. 2019ರ ನಂತರದ ಯಾವ ವರ್ಷದ ಅಢಾವೆಯೂ ಕಡತದಲ್ಲಿರಲಿಲ್ಲ.

ಆ ಹದಿಮೂರು ಪುಟಗಳನ್ನು ಊಟದ ಮೇಜಿನ ಮೇಲೆ ವರ್ಷವಾರು ಹರಡಿಕೊಂಡು ಒಂದೇ ಸಾಲನ್ನು ಎಲ್ಲ ವರ್ಷಗಳಲ್ಲೂ ಅಡ್ಡವಾಗಿ ಓದುತ್ತಾ ಹೋದೆ. ಶಾಖೆಗಳ ತಪಾಸಣೆಯಲ್ಲಿ ನಾನು ಕಲಿತ ಕಸುಬು ಇದೇ. ಒಂದು ವರ್ಷದ ಲೆಕ್ಕವನ್ನು ಮೇಲಿಂದ ಕೆಳಕ್ಕೆ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಡ್ಡಡ್ಡವಾಗಿ ಓದಿದಾಗ ಕಳೆದುಹೋದ ಸಾಲು ಎದ್ದು ಕಾಣುತ್ತದೆ. 2017-18ರಲ್ಲಿ ಸವಾಲು ನಿಧಿ 3,20,000 ರೂಪಾಯಿ ಇತ್ತು, ಎದುರಿಗೆ ಅಷ್ಟೇ ಮೊತ್ತದ ಠೇವಣಿಯೂ ಇತ್ತು. 2018-19ರಲ್ಲಿ ಸವಾಲು ನಿಧಿಯ ಸಾಲೇ ಇಲ್ಲ. ಸಾಮಾನ್ಯ ನಿಧಿಯೊಂದಿಗೆ ಸೇರಿಸಲಾಗಿದೆ ಎಂದು ಸಣ್ಣ ಅಕ್ಷರದಲ್ಲಿ ಟಿಪ್ಪಣಿ. ಠೇವಣಿಯ ಸಾಲೂ ಇಲ್ಲ. ಕರಪತ್ರದಲ್ಲಿದ್ದ 5 ಲಕ್ಷವಂತೂ ಯಾವ ವರ್ಷದಲ್ಲೂ ಇರಲಿಲ್ಲ.

ಇಷ್ಟು ಹೊತ್ತಿಗೆ ಸುದ್ದಿ ಹರಡಿತ್ತು. ಅಲ್ಲಿಂದ ಮುಂದಿನ ಎರಡು ತಿಂಗಳು ಲೆಕ್ಕಕ್ಕಿಂತ ಮನುಷ್ಯರೊಂದಿಗೆ ಏಗಿದ್ದೇ ಹೆಚ್ಚು. ಹಿರಿಯರೊಬ್ಬರು ಮನೆಗೇ ಬಂದು, "ನೀವು ಕೇಳ್ತಿರೋದು ತಪ್ಪಲ್ಲ, ಆದರೆ ಹೊರಗೆ ಕಾಯ್ತಾ ಕೂತವರ ಕೈಗೆ ನಾವೇ ದೊಣ್ಣೆ ಕೊಟ್ಟ ಹಾಗಾಗುತ್ತೆ" ಎಂದರು. ಇನ್ನೊಬ್ಬರು ನನ್ನ ಹಿಂದೆ ಯಾರಿದ್ದಾರೆ ಎಂದು ವಿಚಾರಿಸಲು ಶುರುಮಾಡಿದರು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದದ್ದನ್ನು ನಮ್ಮ ಸಂಘದ ಪ್ರತಿ ಸಭೆಯಲ್ಲೂ ಅಭಿಮಾನದಿಂದ ನೆನೆಯುತ್ತೇವೆ. ಆ ಪತ್ರಗಳಿಗೆ ಉತ್ತರ ಬರಲಿಲ್ಲವೆಂಬುದನ್ನೇ ಒಂದು ಸಾಕ್ಷ್ಯದಂತೆ ಹೇಳುತ್ತೇವೆ. ನನ್ನ ಪತ್ರಕ್ಕೂ ಉತ್ತರ ಬಂದಿರಲಿಲ್ಲ ಎಂದು ಆ ಹಿರಿಯರಿಗೆ ಹೇಳಿದೆ. ಅವರು ಕಾಫಿ ಕುಡಿಯದೆ ಎದ್ದು ಹೋದರು. ಆ ಮಾತನ್ನು ಅಷ್ಟು ಒರಟಾಗಿ ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಎದುರು ವಾದಗಳಲ್ಲಿ ಒಂದನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರದೆ ಹೋದೆ. ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದ ಮೇಲೆ ನಮ್ಮ ದಾನಿಗಳಲ್ಲಿ ಹಲವರು ತಮ್ಮ ಹೆಸರು ಎಲ್ಲೂ ಅಚ್ಚಾಗಬಾರದೆಂದು ಕೇಳಿಕೊಂಡಿದ್ದರು. ಆ ಭಯ ನಿಜವಾದದ್ದು. ಆದರೆ ದಾನಿಯ ಹೆಸರನ್ನು ಕರಪತ್ರದಲ್ಲಿ ಹಾಕದಿರುವುದು ಬೇರೆ, ಸಂಘದ ಪುಸ್ತಕದಲ್ಲೇ ಬರೆಯದಿರುವುದು ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 115ಬಿಬಿಸಿ ಕಲಮು ಹೆಸರು ವಿಳಾಸವಿಲ್ಲದ ದಾನ ಒಂದು ಮಿತಿ ದಾಟಿದರೆ ಶೇ. 30ರಷ್ಟು ತೆರಿಗೆ ವಿಧಿಸುತ್ತಿತ್ತು. ಪೂರ್ತಿಯಾಗಿ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಮಾತ್ರ ಅದರಿಂದ ವಿನಾಯಿತಿ. ದೇವಸ್ಥಾನದ ಹುಂಡಿಗೆ ಇರುವ ಸವಲತ್ತು ವಿಚಾರವಾದಿಗಳ ಹುಂಡಿಗೆ ಇಲ್ಲವೆಂದು ನಾನು ಸಮಿತಿಯಲ್ಲಿ ಹೇಳಿದಾಗ, ಆ ಸಂಜೆ ಮೊದಲ ಬಾರಿಗೆ ಎಲ್ಲರೂ ನಕ್ಕರು. ಅಷ್ಟಕ್ಕೂ ನಾನು ಕೇಳಿದ್ದು ಯಾರು ಕೊಟ್ಟರು ಎಂದಲ್ಲ, ಕೊಟ್ಟದ್ದು ಏನಾಯಿತು ಎಂದು.

ನಲವತ್ತು ಸದಸ್ಯರ ಸಹಿಯೊಂದಿಗೆ ಬೈಲಾದ ಪ್ರಕಾರ ವಿಶೇಷ ಸಭೆ ಕರೆಯಲು ಮನವಿ ಕೊಟ್ಟೆವು. ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನಡಿ ಮೂರನೇ ಒಂದು ಭಾಗದಷ್ಟು ಸದಸ್ಯರು ಕೇಳಿದರೆ ನೋಂದಣಾಧಿಕಾರಿಯೇ ವಿಚಾರಣೆ ನಡೆಸಬಹುದು. ನಮ್ಮಲ್ಲಿ 140 ಸದಸ್ಯರಿದ್ದುದರಿಂದ ಇನ್ನು ಏಳು ಸಹಿ ಸಿಕ್ಕಿದ್ದರೆ ಅದೂ ಸಾಧ್ಯವಿತ್ತು. ಆ ದಾರಿಯನ್ನು ಬೇಕೆಂದೇ ಹಿಡಿಯಲಿಲ್ಲ. ವಿಚಾರಣೆ ಆರಂಭವಾದರೆ ಸಂಘದ ಕೆಲಸವೆಲ್ಲ ನಿಂತು ಕಚೇರಿಯ ಓಡಾಟವೇ ಉಳಿಯುತ್ತದೆ. ಕಡತಗಳನ್ನು ಸಮಿತಿ ತಾನಾಗಿ ತೆರೆದರೆ ಸಾಕಿತ್ತು, ಸಭೆಗೆ ಹತ್ತು ದಿನ ಮುಂಚೆ ತೆರೆಯಿತು ಕೂಡ.

ಎರಡು ಭಾನುವಾರ ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಕುಳಿತು ವೋಚರುಗಳನ್ನು ನೋಡಿದೆವು. ಹಣ ಯಾರ ಜೇಬಿಗೂ ಹೋಗಿರಲಿಲ್ಲ. ಠೇವಣಿಯನ್ನು 2018ರ ಡಿಸೆಂಬರಿನಲ್ಲಿ ಮುರಿಸಿ, 2,10,000 ರೂಪಾಯಿಯನ್ನು ನಮ್ಮ ಮಾಸಪತ್ರಿಕೆ ಅಚ್ಚು ಹಾಕಿದ ಮುದ್ರಣಾಲಯದ ಹಳೆಯ ಬಾಕಿಗೆ, 68,000 ರೂಪಾಯಿಯನ್ನು ಕಚೇರಿಯ ಬಾಡಿಗೆಗೆ ಕೊಡಲಾಗಿತ್ತು. ಉಳಿದ 42,000 ರೂಪಾಯಿ ಒಂದು ವಿಜ್ಞಾನ ಶಿಬಿರಕ್ಕೆಂದು ಪದಾಧಿಕಾರಿಯೊಬ್ಬರಿಗೆ ಮುಂಗಡವಾಗಿ ಹೋಗಿತ್ತು. ಮೊದಲ ಎರಡಕ್ಕೂ ರಸೀದಿಗಳಿದ್ದವು, ಆದರೆ ಠೇವಣಿ ಮುರಿಸಲು ಸಮಿತಿಯ ನಿರ್ಣಯವಿರಲಿಲ್ಲ. ಮುಂಗಡಕ್ಕೆ ರಸೀದಿಯೂ ಇರಲಿಲ್ಲ. "ಪತ್ರಿಕೆ ನಿಂತುಹೋದರೆ ಸಂಘವೇ ನಿಂತ ಹಾಗೆ ಅಂತ ಮುರಿಸಿದೆ ಸಾರ್. ಯಾರು ಪವಾಡ ಮಾಡಿ ಗೆಲ್ತಾರೆ ಹೇಳಿ, ಆ ದುಡ್ಡು ಸುಮ್ಮನೆ ಕೂತಿತ್ತು" ಎಂದರು ಮೇಷ್ಟ್ರು. ಆ ವಾದದಲ್ಲಿ ಒಂದು ಬಗೆಯ ನಿಷ್ಠೆ ಇದೆ. ಪವಾಡ ನಡೆಯುವುದಿಲ್ಲವೆಂಬ ನಂಬಿಕೆ ಅವರಿಗೆ ಎಷ್ಟು ಗಟ್ಟಿಯೆಂದರೆ ಬಹುಮಾನದ ಹಣ ಇಡುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಆದರೆ ಹಣವೇ ಇಲ್ಲದೆ ಪಂಥ ಕಟ್ಟಿದರೆ ಅದು ಪರೀಕ್ಷೆಗೆ ಆಹ್ವಾನ ಕೊಟ್ಟಂತಲ್ಲ. ದಾನಿಗಳು ಕೊಟ್ಟದ್ದೂ ಮುದ್ರಣಾಲಯದ ಬಾಕಿಗೆಂದು ಅಲ್ಲ.

5 ಲಕ್ಷದ ಉಳಿದ 1,80,000 ರೂಪಾಯಿ ಬರೀ ಮಾತಿನ ಭರವಸೆಗಳ ಮೊತ್ತವಾಗಿತ್ತು. ಅದರಲ್ಲಿ 1 ಲಕ್ಷ ಅಮೆರಿಕದಲ್ಲಿರುವ ನಮ್ಮೂರಿನವರೊಬ್ಬರದು. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ, ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಅವರು ಪೌರತ್ವ ಬದಲಿಸಿ ಬಹಳ ವರ್ಷವಾಗಿತ್ತು, ನಮಗೆ ಅವೆರಡೂ ಇರಲಿಲ್ಲ. ಕಾನೂನಿನ ಪ್ರಕಾರ ಪಡೆಯಲಾಗದ ಹಣವನ್ನು ನಾವು ಕರಪತ್ರದಲ್ಲಿ ಅಚ್ಚು ಹಾಕಿಸುತ್ತಾ ಬಂದಿದ್ದೆವು.

ನನ್ನ ತಪ್ಪನ್ನೂ ಇಲ್ಲೇ ಬರೆಯಬೇಕು. 2018-19ರ ಲೆಕ್ಕದಲ್ಲಿ ವಾಹನ ವೆಚ್ಚ ಎಂದು 60,000 ರೂಪಾಯಿ ಇತ್ತು. ಸ್ವಂತ ವಾಹನವಿಲ್ಲದ ಸಂಘಕ್ಕೆ ಇಷ್ಟು ವೆಚ್ಚ ಹೇಗೆ ಎಂದು ವೋಚರು ನೋಡುವ ಮೊದಲೇ ಇಬ್ಬರು ಮೂವರ ಬಳಿ ಆಡಿದ್ದೆ, ಅದು ಅವರಿಂದ ಹತ್ತು ಜನರಿಗೆ ಹೋಯಿತು. ವೋಚರುಗಳಲ್ಲಿ ನೋಡಿದರೆ ಹಳ್ಳಿಯ ಶಾಲೆಗಳಿಗೆ ಪವಾಡ ಬಯಲು ಕಾರ್ಯಕ್ರಮಕ್ಕೆಂದು ಬಾಡಿಗೆಗೆ ಪಡೆದ ಜೀಪಿನ ಲೆಕ್ಕ, ಪ್ರತಿ ಹಾಳೆಯ ಮೇಲೂ ಆಯಾ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು. ಇಡೀ ಕಡತದಲ್ಲಿ ಅಷ್ಟು ಅಚ್ಚುಕಟ್ಟಾಗಿದ್ದ ಲೆಕ್ಕ ಬೇರೆ ಇರಲಿಲ್ಲ. ವಿಶೇಷ ಸಭೆಯಲ್ಲಿ ಮೊದಲು ಎದ್ದು ನಿಂತು ಅದಕ್ಕಾಗಿ ಕ್ಷಮೆ ಕೇಳಿದೆ, ಆಮೇಲೆ ಸವಾಲು ನಿಧಿಯ ವಿಷಯ ತೆಗೆದೆ.

ಸಭೆ ನಾಲ್ಕು ಗಂಟೆ ನಡೆಯಿತು. ಹಳೆಯ ಕರಪತ್ರ ಹಿಂತೆಗೆದುಕೊಳ್ಳುವುದು, ಸವಾಲಿನ ಮೊತ್ತವನ್ನು 1 ಲಕ್ಷಕ್ಕೆ ಇಳಿಸಿ ಅಷ್ಟನ್ನು ಮೂವರ ಜಂಟಿ ಸಹಿಯ ಪ್ರತ್ಯೇಕ ಠೇವಣಿಯಲ್ಲಿ ಇಡುವುದು, ಇಡುಗಂಟಿನ ದಾನಿಗಳಿಗೆ ಪತ್ರ ಬರೆದು ನಡೆದದ್ದನ್ನು ತಿಳಿಸಿ ಹಣ ವಾಪಸು ಬೇಕೆಂದವರಿಗೆ ಹಂತಹಂತವಾಗಿ ಕೊಡುವುದು, ಬಾಕಿ ಉಳಿದ ಅಢಾವೆಗಳನ್ನು ದಂಡ ಕಟ್ಟಿ ಸಲ್ಲಿಸುವುದು ಎಂದು ನಿರ್ಣಯವಾಯಿತು. ಇಬ್ಬರು ದಾನಿಗಳು ಮಾತ್ರ ಹಣ ವಾಪಸು ಕೇಳಿದರು. ಮೇಷ್ಟ್ರು ಖಜಾಂಚಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಬೇಡವೆಂದು ನಾನೇ ಹೇಳಿದರೂ ಕೇಳಲಿಲ್ಲ. ಶಿಬಿರಗಳಿಗೆ ಈಗಲೂ ಬರುತ್ತಾರೆ, ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ.

ಆ ಕಾಲೇಜಿಗೆ ಮರುವರ್ಷ ಹೋದಾಗ ಠೇವಣಿ ರಸೀದಿಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಆ ಹುಡುಗಿ ಓದು ಮುಗಿಸಿ ಹೋಗಿದ್ದಳು, ಬೇರೆ ಯಾರೂ ಕೇಳಲಿಲ್ಲ. ಶಿಬಿರದ ಮುಂಗಡದಲ್ಲಿ 29,500 ರೂಪಾಯಿಗೆ ರಸೀದಿಗಳು ಬಂದಿವೆ. ಉಳಿದ 12,500 ರೂಪಾಯಿ ಈ ವರ್ಷದ ಅಢಾವೆಯಲ್ಲೂ ಬರಬೇಕಾದ ಬಾಕಿಯ ಪಟ್ಟಿಯಲ್ಲಿಯೇ ಇದೆ.